ಹೊತ್ತು ಮುಳುಗದ ಸೋಮವಾರ

ನಮ್ಮ ಮನೆಯವರು ಹಡಗಿನಲ್ಲಿ ಕೆಲಸ ಮಾಡುತ್ತಾರೆ ಎಂದರೆ ಅಣ್ಣಿಗೇರಿಯ ಜನ ಈಗಲೂ ಒಂದು ಗಳಿಗೆ ನನ್ನ ಮುಖ ನೋಡುತ್ತಾರೆ. ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ಎರೆಹೊಲ. ಕಡಲೆ, ಹತ್ತಿ, ಹೆಸರು, ಮೆಣಸಿನಕಾಯಿ. ನೀರು ಎಂದರೆ ನಮಗೆ ನಳದ ನೀರು, ಅದೂ ಬಂದಾಗ ಬಂತು. "ಹಡಗಂದ್ರ ನೀರಾಗ ಹೋಗೂದನರಿ?" ಎಂದು ಕಿರಾಣಿ ಅಂಗಡಿಯವರು ಒಮ್ಮೆ ಕೇಳಿದ್ದರು. "ಇಲ್ಲರಿ, ಎರಿ ಹೊಲದಾಗ ಓಡಸ್ತಾರ" ಎಂದು ಹೇಳಿ ಸಾಮಾನು ತಗೊಂಡು ಬಂದೆ. ನನ್ನ ಬಾಯಿ ಸ್ವಲ್ಪ ಜೋರು ಎಂಬುದು ಓಣಿಗೆಲ್ಲ ಗೊತ್ತು.

ಅವರು ಐಟಿಐ ಕಲಿತು ಟ್ರ್ಯಾಕ್ಟರು, ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದವರು. ಪರಿಚಯದವರೊಬ್ಬರು ಗೋವಾಕ್ಕೆ ಕರೆದುಕೊಂಡು ಹೋಗಿ ಹಡಗು ರಿಪೇರಿಯ ಕೆಲಸಕ್ಕೆ ಸೇರಿಸಿದರು. ಅಲ್ಲಿಂದ ಸರಕು ಹಡಗಿನ ಇಂಜಿನ್ ರೂಮಿಗೆ ಫಿಟ್ಟರ್ ಆಗಿ ಹೋದರು. ಎಂಟು ತಿಂಗಳು ಸಮುದ್ರ, ನಾಲ್ಕು ತಿಂಗಳು ಮನೆ. ಇಂಜಿನ್ ರೂಮು ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಇರುತ್ತದಂತೆ. ಇಷ್ಟು ದೇಶ ಸುತ್ತಿದ ಮನುಷ್ಯ ಏನು ನೋಡಿದಿರಿ ಎಂದು ಕೇಳಿದರೆ ಪಂಪು, ಪೈಪು, ವಾಲ್ವುಗಳ ಕಥೆ ಹೇಳುತ್ತಾರೆ.

ಮನೆಯಲ್ಲಿ ಇರುವವರು ನಾನು ಮತ್ತು ನನ್ನ ಅತ್ತೆ. ಮಗಳು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಧ್ರುವ ಪ್ರದೇಶದಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ರಾತ್ರಿ ಎಂಬುದನ್ನು ಎಷ್ಟು ವರ್ಷದಿಂದ ಹೇಳಿಕೊಡುತ್ತ ಬಂದಿದ್ದೇನೋ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಪ್ರಶ್ನೆ ಅದು. ಅದು ಒಂದು ದಿನ ನಮ್ಮ ಅಡುಗೆಮನೆಗೆ ಬಂದು ಕೂಡುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅವರು ಮೊದಲ ಸಲ ಹಡಗು ಹತ್ತಲು ಹೊರಟಾಗ ಅತ್ತೆ ಮಗನನ್ನು ದೇವರ ಮುಂದೆ ಕೂಡ್ರಿಸಿ ಒಂದು ಮಾತು ತೆಗೆದುಕೊಂಡಿದ್ದರು. ಶ್ರಾವಣ ಸೋಮವಾರದ ಉಪವಾಸ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಉಂಟು. ಹಗಲೆಲ್ಲ ಉಪವಾಸ, ಹೊತ್ತು ಮುಳುಗಿದ ಮೇಲೆ ಲಿಂಗಪೂಜೆ ಮಾಡಿಕೊಂಡು, ದೀಪ ಹಚ್ಚಿ ಊಟ. ಅತ್ತೆ ಅದಕ್ಕೆ ತಮ್ಮದೊಂದು ಹರಕೆ ಸೇರಿಸಿದರು. ಮಗ ಯಾವ ಸಮುದ್ರದಲ್ಲಿದ್ದರೂ ಆ ಸೋಮವಾರಗಳನ್ನು ಬಿಡಬಾರದು. ಅವನಿರುವ ಕಡೆ ಹೊತ್ತು ಮುಳುಗಿ, ಅವನು ಉಂಡ ಸುದ್ದಿ ಬಂದ ಮೇಲೆಯೇ ತಾವು ಉಣ್ಣುವುದು. ನೀರಿನ ಮೇಲಿನ ಮಗನನ್ನು ಕಾಯಲು ಅವರಿಗೆ ಗೊತ್ತಿದ್ದ ದಾರಿ ಅದು.

ಹಡಗಿನ ಕ್ಯಾಬಿನ್ನಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಇವರು ಬ್ಯಾಟರಿಯ ಸಣ್ಣ ದೀಪ ಒಯ್ಯುತ್ತಿದ್ದರು. "ದೀಪಾ ಹಚ್ಚಿದೆ, ಉಂಡೆ, ನೀ ಉಣ್ಣವ್ವಾ" ಎಂದು ನನ್ನ ಫೋನಿಗೆ ಅವರ ದನಿ ಬರುತ್ತಿತ್ತು. ನಾನು ಅದನ್ನು ಅತ್ತೆಯ ಕಿವಿಗೆ ಹಿಡಿಯುತ್ತಿದ್ದೆ. ಹಡಗು ಸಿಂಗಾಪುರದ ಕಡೆ ಇದ್ದರೆ ಅಲ್ಲಿ ನಮಗಿಂತ ಮೊದಲೇ ಹೊತ್ತು ಮುಳುಗುತ್ತಿತ್ತು, ಅತ್ತೆ ನಮ್ಮ ಜೊತೆಗೇ ಉಣ್ಣುತ್ತಿದ್ದರು. ಯುರೋಪಿನ ಕಡೆ ಇದ್ದರೆ ಒಂದು ನಿದ್ದೆ ಮಾಡಿ ಎದ್ದು ಉಣ್ಣುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಅತ್ತೆಗೆ ಮಗ ಜಗತ್ತಿನ ಯಾವ ಮಗ್ಗುಲಿಗಿದ್ದಾನೆ ಎಂಬುದು ತಮ್ಮ ಹಸಿವಿನಿಂದ ತಿಳಿಯುತ್ತಿತ್ತು. ಸಕ್ಕರೆ ಕಾಯಿಲೆ ಬಂದ ಮೇಲೆ ಡಾಕ್ಟರು ಉಪವಾಸ ಬೇಡವೇ ಬೇಡ ಎಂದರು. "ವರ್ಷಕ್ಕ ನಾಕು ಸ್ವಾಮಾರ, ಏನ ಸಾಯ್ತೇನೇನು" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿ ಬಂದರು.

ಹೋದ ವರ್ಷ ಮುಂಗಾರು ಶುರುವಾದ ಮೇಲೆ ಇವರ ಫೋನು ಬಂತು. "ಈ ಸಲಾ ಹೊಸಾ ದಾರಿ" ಎಂದರು. ರಷ್ಯಾದ ನೆತ್ತಿಯ ಮೇಲಿನ ಬಂದರಿನಲ್ಲಿ ಕಲ್ಲಿದ್ದಲು ಹೇರಿಕೊಂಡು, ಉತ್ತರ ಧ್ರುವದ ಸಮುದ್ರದಲ್ಲೇ ಪೂರ್ವಕ್ಕೆ ಹೋಗಿ, ಚೀನಾದಲ್ಲಿ ಇಳಿಸುವುದು. ಆ ಸಮುದ್ರ ಮೊದಲೆಲ್ಲ ಬರ್ಫ ಕಟ್ಟಿ ಯಾರನ್ನೂ ಸುಲಭಕ್ಕೆ ಒಳಗೆ ಬಿಡುತ್ತಿರಲಿಲ್ಲ. ಈಗ ಬೇಸಿಗೆಯಲ್ಲಿ ಕರಗಿ ದಾರಿ ಬಿಡುತ್ತಿದೆ. ಉಳಿದ ಬರ್ಫ ಒಡೆಯಲು ಮುಂದೆ ಒಂದು ಹಡಗು ಹೋಗುತ್ತದೆ, ಅದರ ಹಿಂದೆ ಇವರದು. ಸೂಯೆಜ್ ಕಾಲುವೆ ದಾಟಿ, ನಮ್ಮ ದೇಶದ ಕೆಳಗೆ ಹಾಯ್ದು ಹೋಗುವ ಹಳೆಯ ದಾರಿಗಿಂತ ಬಹಳ ಹತ್ತಿರವಂತೆ.

"ಕಲ್ಲಿದ್ದಲು ಹೇರಕೊಂಡೇನ್ರಿ?" ಎಂದು ಕೇಳಿದೆ.

"ಹೌದು, ಯಾಕ?"

"ಅದನ್ನ ಸುಟ್ಟ ಹೊಗಿಗೇ ಅಲ್ಲೇನ್ರಿ ಬರ್ಫ ಕರಗಿದ್ದು? ಕರಗಿದ ದಾರ್ಯಾಗ ಮತ್ತ ಅದನ್ನ ಹೇರಕೊಂಡು ಹೋಗೂದು? ನಾಚಿಕಿ ಬರೂದಿಲ್ಲೇನು ನಿಮಗ?"

ಅವರು ನಕ್ಕರು. "ನಾ ಬೋಲ್ಟ್ ಬಿಗಿ ಮಾಡಾಂವಲೇ. ದಾರಿ ಹೇಳೋರು ಬ್ಯಾರೆ ಅದಾರ."

ಹಾಗೆ ಜಬರದಸ್ತಾಗಿ ಕೇಳಿದೆನೇನೋ ನಿಜ, ಫೋನು ಇಟ್ಟ ಮೇಲೆ ನನಗೆ ಆದದ್ದು ಖುಷಿ. ಅದನ್ನು ಮುಚ್ಚಿಡುವುದು ಯಾಕೆ? ದಾರಿ ಹತ್ತಿರ ಎಂದರೆ ಬೇಗ ಬರುತ್ತಾರೆ ಎಂದು ನಾನು ಎಣಿಸಿದೆ. "ಅತ್ತಿ, ಈ ಸಲಾ ಲಗೂನ ಬರ್ತಾರ್ರಿ. ಬರ್ಫ ಕರಗಿ ದಾರಿ ಸಣ್ಣದಾಗೇತಂತ" ಎಂದು ಹೇಳಿದೆ. ಅತ್ತೆ ಎರಡೂ ಕೈ ಜೋಡಿಸಿ ದೇವರಿಗೆ ಮುಗಿದರು. ಜಗತ್ತಿನ ತಲೆಯ ಮೇಲಿನ ಬರ್ಫ ಕರಗಿದ್ದಕ್ಕೆ ಅಣ್ಣಿಗೇರಿಯಲ್ಲಿ ಒಬ್ಬಾಕೆ ಕೈ ಮುಗಿದರು. ಇನ್ನೊಬ್ಬಾಕೆ ಚಹಾಕ್ಕೆ ಇಟ್ಟಳು.

ಶ್ರಾವಣಕ್ಕೆ ಎರಡು ದಿನ ಇರುವಾಗ ಬೆಳಗಿನ ಜಾವ ವಿಡಿಯೋ ಕಾಲ್ ಬಂತು. ನಮ್ಮಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಅತ್ತೆ ಆಗಲೇ ಎದ್ದು ಅಂಗಳ ಕಸ ಹೊಡೆಯುತ್ತಿದ್ದರು, ಕರೆದೆ. ಇವರು ಹಡಗಿನ ಮೇಲ್ಭಾಗಕ್ಕೆ ಬಂದಿದ್ದರು. ಮೈತುಂಬ ದಪ್ಪ ಕೋಟು, ಕಣ್ಣು ಮಾತ್ರ ಕಾಣುತ್ತಿತ್ತು. ಬಂದರು ಬಿಟ್ಟಾಗಿದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಸಿಗ್ನಲ್ ಹೋಗುತ್ತದೆ, ಹಡಗಿನ ಇಂಟರ್ನೆಟ್ಟೂ ಅತ್ತ ಕಡೆ ಸರಿಯಾಗಿ ಹಿಡಿಯುವುದಿಲ್ಲ, ಆ ಕಡೆ ದಾಟುವ ತನಕ ಸುದ್ದಿ ಇರುವುದಿಲ್ಲ ಎಂದರು. ಆಮೇಲೆ ಜಾತ್ರೆಗೆ ಹೋದ ಹುಡುಗನ ಹಾಗೆ ಫೋನು ತಿರುಗಿಸಿ ತೋರಿಸಿದರು.

"ಯವ್ವಾ, ಇಲ್ಲೆ ನೋಡು. ನಮಗೀಗ ರಾತ್ರಿ ಮೂರು ತಾಸು. ಸೂರ್ಯಾನ ನೋಡು! ಮುಳಗೂದಾ ಇಲ್ಲ ಇಲ್ಲೆ. ಹಿಂಗಾ ಬಾಜೂಕ ಸರಕೋತ ಹೋಗತಾನ, ಕೆಳಗ ಇಳಿಯಂಗಿಲ್ಲ."

ಕೆಂಪು ಸೂರ್ಯ, ಕೆಳಗೆ ಸೀಸದ ಬಣ್ಣದ ನೀರು. ನಾನು ಮೈಮರೆತು ನೋಡುತ್ತಿದ್ದೆ. ಪುಸ್ತಕದಲ್ಲಿ ಓದಿಸಿದ್ದು ಕಣ್ಣ ಮುಂದೆ ಬಂದಿತ್ತು, ನನ್ನ ಗಂಡ ಅದರ ಮುಂದೆ ನಿಂತಿದ್ದರು. ಅತ್ತೆಯ ಕೈಯಲ್ಲಿ ಕಸಬರಿಗೆ ಹಾಗೇ ಇತ್ತು. ಒಂದಷ್ಟು ಹೊತ್ತು ನೋಡಿ ಕೇಳಿದರು:

"ಹಂಗಾರ ಸ್ವಾಮಾರ ನೀ ಯಾವಾಗ ಉಣ್ತೀಯಪಾ?"

ಅವರು ಬಾಯಿ ತೆರೆದರು. ಚಿತ್ರ ಅಲ್ಲಿಗೇ ನಿಂತುಬಿಟ್ಟಿತು. ಮತ್ತೆ ಮತ್ತೆ ಹಚ್ಚಿ ನೋಡಿದೆ, ಹತ್ತಲಿಲ್ಲ.

ಸೋಮವಾರ ಶಾಲೆಯಿಂದ ಬರುವಾಗ, ಏನಾಗಬಹುದೆಂದು ಒಳಗೇ ಗೊತ್ತಿದ್ದುದರಿಂದ, ಸ್ಟಾಫ್ ರೂಮಿನ ಗ್ಲೋಬನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಅತ್ತೆ ಬೆಳಗಿನಿಂದ ಸಕ್ಕರೆ ಇಲ್ಲದ ಚಹಾದ ಮೇಲೆ ಇದ್ದರು. ಸಂಜೆ ಲಿಂಗಪೂಜೆ ಮಾಡಿಕೊಂಡರು, ದೀಪ ಹಚ್ಚಿದರು. ನಾನು ತಾಟು ಹಚ್ಚಿದೆ. ತಾಟು ಸರಿಸಿದರು.

"ಅವನ ಹೊತ್ತು ಇನ್ನೂ ಮುಳುಗಿಲ್ಲವಾ."

ನಾನು ಗ್ಲೋಬ್ ತೆಗೆದೆ. ದೀಪದ ಮುಂದೆ ಹಿಡಿದು, ಓರೆಯಾಗಿ ತಿರುಗಿಸುತ್ತ, ಹುಡುಗಿಯರಿಗೆ ಹೇಳುವುದಕ್ಕಿಂತ ಚೆನ್ನಾಗಿ ಹೇಳಿದೆ. ಇದು ನಾವು. ಇದು ಅವರು. ಈ ಕಾಲದಲ್ಲಿ ಈ ತುದಿ ದೀಪದ ಕಡೆಗೇ ಬಾಗಿರುತ್ತದೆ, ಎಷ್ಟು ತಿರುಗಿದರೂ ಬೆಳಕಿನಲ್ಲೇ ಇರುತ್ತದೆ, ಇನ್ನೂ ಕೆಲವು ದಿನ ಅಲ್ಲಿ ಹೊತ್ತು ಮುಳುಗುವುದಿಲ್ಲ. ಅಂದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ, ಉಣ್ಣಿರಿ. ಅತ್ತೆ ಗ್ಲೋಬಿನ ನೆತ್ತಿಯ ಮೇಲೆ ಬೆರಳಿಟ್ಟು ತಾವೇ ಒಂದು ಸುತ್ತು ತಿರುಗಿಸಿದರು. ನಾನು ಗೆದ್ದೆ ಎಂದುಕೊಂಡೆ.

"ಅಂದ್ರ ನನ್ನ ಮಗಾ ಇನ್ನೂ ಕೆಲವು ದಿನಾ ಉಪವಾಸಾ ಇರ್ತಾನ ಅಂದಂಗಾತು" ಎಂದರು. ಕಣ್ಣಲ್ಲಿ ನೀರು ಬಂದಿತ್ತು. "ಮಾತು ಕೊಟ್ಟಾನವಾ ಅಂವ. ಮಾತು ಮುರಿಯೂ ಹುಡುಗ ಅಲ್ಲ ಅಂವ."

ಇಷ್ಟು ವರ್ಷ ಪಾಠ ಮಾಡಿದ್ದೇನೆ, ನನ್ನ ಪಾಠ ಇಷ್ಟು ಚೆನ್ನಾಗಿ ಯಾರಿಗೂ ತಿಳಿದದ್ದಿಲ್ಲ. ಅತ್ತೆ ಸಕ್ಕರೆ ಕಾಯಿಲೆಯ ರಾತ್ರಿಯ ಗುಳಿಗೆ ನುಂಗಿ ನೀರು ಕುಡಿದು ಮಲಗಿದರು.

ಮಂಗಳವಾರವೂ ಉಣ್ಣಲಿಲ್ಲ. ನಾನು ರಜೆ ಹಾಕಿದೆ. ಬೇಡಿಕೊಂಡೆ, ಬೈದೆ, ನಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದೆ. "ನೀ ಉಣ್ಣಬೇ, ನಿಂದೇನ ಹರಕಿ ಐತಿ" ಎಂದರು. ಓಣಿಯ ಮಠದ ಅಯ್ಯನವರನ್ನು ಕರೆದುಕೊಂಡು ಬಂದೆ. ಅವರು ಕಟ್ಟೆಯ ಮೇಲೆ ಕೂತು, ದೇಹಕ್ಕೆ ಆಗದವರಿಗೆ ಉಪವಾಸವಿಲ್ಲ, ಇರುವ ಊರಿನ ಹೊತ್ತೇ ಹೊತ್ತು ಎಂದು ಸಮಾಧಾನವಾಗಿ ಹೇಳಿದರು. "ನಂದಾಗಿದ್ರ ನಿಮ್ಮ ಮಾತ ಕೇಳತಿದ್ದೆರಿ ಅಯ್ಯಾರ. ಅಂವ ಹಸದ ಕುಂತಾಗ ನನ್ನ ಗಂಟಲದಾಗ ತುತ್ತ ಹೆಂಗ ಇಳೀಬೇಕ ಹೇಳ್ರಿ" ಎಂದರು ಅತ್ತೆ. ಅಯ್ಯನವರು ಚಹಾ ಕೂಡ ಕುಡಿಯದೆ ಎದ್ದು ಹೋದರು. ಆಮೇಲೆ ನಾನು ಫೋನು ಹಿಡಿದು, "ಮೆಸೇಜ್ ಬಂತ್ರಿ, ಉಂಡಾರಂತ" ಎಂದು ಹೇಳಿ ನೋಡಿದೆ. "ದನಿ ಕೇಳಸು" ಎಂದರು. ನಾನು ತಲೆ ತಗ್ಗಿಸಿದೆ.

ಅತ್ತೆ ಬೆಳಗಿನ ಗುಳಿಗೆಯನ್ನೂ ತಪ್ಪಿಸಿರಲಿಲ್ಲ. "ಗುಳಿಗಿ ಏನ ಊಟೇನು, ಔಷಧಾ ಅದು" ಎಂದಿದ್ದರು. ಗುಳಿಗೆಯನ್ನಾದರೂ ತೆಗೆದುಕೊಂಡರಲ್ಲ ಎಂದು ನನಗೂ ಸಮಾಧಾನವೇ ಆಗಿತ್ತು. ಅತ್ತೆ ಸೊಸೆ ಇಬ್ಬರೂ ಎಷ್ಟು ಶಾಣ್ಯಾರು ನೋಡಿ.

ಕೊನೆಗೆ ಮುಂಬೈಯ ಆಫೀಸಿಗೆ ಫೋನು ಮಾಡಿದೆ. ಹಡಗಿಗೆ ಜನರನ್ನು ಕಳಿಸುವ ಆಫೀಸು ಅದು, ಸಾಮಾನ್ಯವಾಗಿ ನಾವು ಅವರಿಗೆ ತೊಂದರೆ ಕೊಡುವುದಿಲ್ಲ. ನನ್ನ ಹರಕು ಮುರಕು ಹಿಂದಿಯಲ್ಲಿ, ನಮ್ಮ ಯಜಮಾನರು ಊಟ ಮಾಡಿದ್ದಾರೋ ಇಲ್ಲವೋ ಕೇಳಿ ತಿಳಿಸಿರಿ ಎಂದೆ. ಆ ಕಡೆಯ ಹುಡುಗ ಹಡಗಿನ ಹೆಸರು ಕೇಳಿಕೊಂಡ. ಹಡಗು ಸುರಕ್ಷಿತವಾಗಿದೆ, ಬರ್ಫದಲ್ಲಿ ನಿಧಾನಕ್ಕೆ ಹೋಗುತ್ತಿದೆ ಎಂದ. ಅದಲ್ಲಪ್ಪಾ, ಊಟ, ಊಟ ಎಂದು ಕೂಗಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ, ನಗಲಿಲ್ಲ. ಕ್ಯಾಪ್ಟನ್ನಿಗೆ ಮೇಲ್ ಹಾಕುತ್ತೇನೆ, ಉತ್ತರ ಬಂದ ಕೂಡಲೇ ತಿಳಿಸುತ್ತೇನೆ ಎಂದ.

ಫೋನು ಇಟ್ಟು ಹೊರಗೆ ಬಂದರೆ ಅತ್ತೆ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ತಂಪು ಗಾಳಿ ಬೀಸುತ್ತಿತ್ತು, ಅವರ ಕುಪ್ಪಸ ಬೆವರಿಗೆ ತೊಯ್ದು ತೊಪ್ಪೆಯಾಗಿತ್ತು. ಕೈ ನಡುಗುತ್ತಿದ್ದವು. "ಅತ್ತಿ" ಎಂದೆ. ನನ್ನನ್ನು ನೋಡಿ, "ಯಾರವಾ ನೀ, ಯಾರ ಪೈಕಿ?" ಎಂದರು. ಅಷ್ಟು ಹೇಳಿ ಬಾಜೂಕೆ ವಾಲಿದರು.

ಬಾಜೂಮನೆಯವರ ಕಾರಿನಲ್ಲಿ ಹಾಕಿಕೊಂಡು ಊರಿನ ದವಾಖಾನೆಗೆ ಓಡಿದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಅತ್ತೆಗೆ ಏನಾದರೂ ಆದರೆ ಅದನ್ನು ಮಗನಿಗೆ ತಿಳಿಸಲು ಆ ಮುಂಬೈಯ ಹುಡುಗನ ಮೇಲ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂಬುದು ಆಗ ಹೊಳೆಯಿತು. ಡಾಕ್ಟರು ನೋಡಿದ ಕೂಡಲೇ ಗ್ಲೂಕೋಸ್ ಏರಿಸಿದರು. ಖಾಲಿ ಹೊಟ್ಟೆಯ ಮೇಲೆ ಗುಳಿಗೆ ಕೊಟ್ಟಿದ್ದೀರಿ, ಇನ್ನೊಂದಿಷ್ಟು ತಡವಾಗಿದ್ದರೆ ಎಚ್ಚರವಾಗುತ್ತಿರಲಿಲ್ಲ, ನೀವು ಟೀಚರ್ ಅಲ್ಲವೇ ಎಂದು ಎಲ್ಲರ ಎದುರಿಗೆ ಬೈದರು. ಬೈಸಿಕೊಂಡೆ.

ಸಂಜೆಯ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು. ಗುರುತು ಹಿಡಿದರು. ಮೇಲಿನ ಬಾಟಲಿ ನೋಡಿ, "ಇದು ಊಟಾ ಏನ?" ಎಂದು ಕೇಳಿದರು. "ಅಲ್ಲರಿ, ನೀರು" ಎಂದೆ. ಅಷ್ಟರಲ್ಲಿ ಮುಂಬೈಯ ಹುಡುಗನ ಸಂದೇಶ ಬಂತು. ಕ್ಯಾಪ್ಟನ್ ಉತ್ತರ ಕೊಟ್ಟಿದ್ದರು. ಫಿಟ್ಟರ್ ಆರೋಗ್ಯವಾಗಿದ್ದಾರೆ, ಚಿಂತೆ ಬೇಡ, ಇವತ್ತೂ ಉಂಡಿದ್ದಾರೆ, ನಿನ್ನೆಯೂ ಎಲ್ಲರ ಜೊತೆ ಮೂರು ಹೊತ್ತೂ ಚೆನ್ನಾಗಿ ಊಟ ಮಾಡಿದ್ದಾರೆ.

ನಿನ್ನೆಯೂ. ಮೂರು ಹೊತ್ತೂ. ಮತ್ತೊಮ್ಮೆ ಓದಿದೆ. ಮೈಯೆಲ್ಲ ಉರಿದು ಹೋಯಿತು. ಎದುರಿಗೆ ಇದ್ದಿದ್ದರೆ ಅವತ್ತು ಅವರ ಪಾಡು ಏನಾಗುತ್ತಿತ್ತೋ.

"ಏನಂತವಾ?" ಅತ್ತೆ ಕೇಳಿದರು.

"ಉಂಡಾರಂತ್ರಿ."

"ಹೊತ್ತು ಮುಳುಗಿತಂತೇನು?"

"ಹೌದ್ರಿ. ಸ್ವಲ್ಪ ಹೊತ್ತು ಮುಳುಗಿತ್ತಂತ. ಅಷ್ಟರಾಗ ದೀಪಾ ಹಚ್ಚಿ ಉಂಡಾರ." ಆಫೀಸಿನವರೇ ಹೇಳಿದ್ದಾರೆ ಎಂದು ಸೇರಿಸಿದೆ. ಆಫೀಸಿನವರ ಮಾತು ಎಂದ ಮೇಲೆ ಅತ್ತೆ ದನಿ ಕೇಳಿಸು ಎನ್ನಲಿಲ್ಲ. ನಾನು ಕಲಸಿಕೊಟ್ಟ ಅನ್ನವನ್ನು ಸಣ್ಣ ಸಣ್ಣ ತುತ್ತು ಮಾಡಿ ಉಂಡರು. ಉಳಿದ ಸೋಮವಾರಗಳಲ್ಲಿ ಡಾಕ್ಟರು ಉಪವಾಸ ಮಾಡಲು ಬಿಡಲಿಲ್ಲ. ಮುಂದಿನ ವರ್ಷ ತೀರಿಸುತ್ತೇನೆ ಎಂದು ಅತ್ತೆ ದೇವರಿಗೆ ಹೇಳಿಕೊಂಡರು.

ಹಡಗು ಆ ಕಡೆ ದಾಟಿದ ಮೇಲೆ ಇವರ ಫೋನು ಬಂತು. ಬೈಯಬೇಕೆಂದು ಕಾದಿದ್ದೆ, ಅವರ ದನಿ ಕೇಳಿ ಬೈಗುಳ ಅರ್ಧಕ್ಕೇ ನಿಂತಿತು. ಪೂರ್ವಕ್ಕೆ ಹೋದ ಹಾಗೆಲ್ಲ ಹಡಗಿನ ಗಡಿಯಾರವನ್ನು ಮುಂದೆ ಮುಂದೆ ಇಡುತ್ತಾರಂತೆ. ಮಲಗಿದಾಗಲೂ ಬಿಸಿಲು, ಎದ್ದಾಗಲೂ ಬಿಸಿಲು. ಅದರ ಮೇಲೆ ಬರ್ಫದ ತುಂಡು ಹಡಗಿನ ಮೈಗೆ ಬಡಿದಾಗಲೆಲ್ಲ, ಹೊರಗಿನಿಂದ ಯಾರೋ ಕೊಡಲಿ ಹಾಕಿದ ಹಾಗೆ ಇಂಜಿನ್ ರೂಮಿನಲ್ಲಿ ಸಪ್ಪಳ. ಸರಿಯಾಗಿ ನಿದ್ದೆಯಿಲ್ಲ. "ಸ್ವಾಮಾರ ಹೋಗಿದ್ದಾ ಗೊತ್ತಾಗಲಿಲ್ಲಲೇ. ಕ್ಯಾಪ್ಟನ್ನ ಕರದು ಕೇಳಿದಾಗ ನೆನಪಾತು" ಎಂದರು. ದವಾಖಾನೆಯ ಸುದ್ದಿಯನ್ನು ನಾನು ಹೇಳಿದೆ. ಅವರು ಅಳುತ್ತಿದ್ದರು.

ಬೇಗ ಬರುತ್ತಾರೆ ಎಂಬ ನನ್ನ ಲೆಕ್ಕವೂ ಹುಸಿಯಾಯಿತು. ದಾರಿ ಹತ್ತಿರವಾದರೆ ಹಡಗು ಬೇಗ ತಲುಪುತ್ತದೆ, ಉಳಿದ ದಿನಗಳಲ್ಲಿ ಕಂಪನಿ ಇನ್ನೊಂದು ಸರಕು ಹೇರುತ್ತದೆ. ಮನುಷ್ಯನ ಕರಾರು ಎಷ್ಟು ತಿಂಗಳದ್ದೋ ಅಷ್ಟೇ. ಅಷ್ಟೊಂದು ಬರ್ಫ ಕರಗಿದ್ದರಲ್ಲಿ ಒಂದು ದಿನವೂ ನಮ್ಮ ಪಾಲಿಗೆ ಬರಲಿಲ್ಲ. ಪ್ರತಿ ವರ್ಷದ ಹಾಗೆ ಚಳಿಗಾಲಕ್ಕೇ ಬಂದರು.

ಅವರು ಬಂದ ವಾರವೇ ಅತ್ತೆ ಕಡಲೆ ಹೊಲಕ್ಕೆ ಹೊರಟರು. ಬೆಳಗಿನ ಜಾವ ಕಡಲೆ ಗಿಡಗಳ ಮೇಲೆ ಬಿಳಿ ಅರಿವೆ ಹಾಸಿ, ಇಬ್ಬನಿಯ ಜೊತೆ ಗಿಡದ ಹುಳಿಯನ್ನು ಹೀರಿಸಿ, ಹಿಂಡಿ, ಬಾಟಲಿಯಲ್ಲಿ ತುಂಬಿಡುವುದು ನಮ್ಮ ಕಡೆಯ ರೂಢಿ. ಹೊಟ್ಟೆನೋವಿಗೆ ಅದಕ್ಕಿಂತ ಔಷಧವಿಲ್ಲ ಎನ್ನುತ್ತಾರೆ. ನಾನು ಮದುವೆಯಾಗಿ ಬಂದಾಗ ಒಂದು ಅರಿವೆ ಹಿಂಡಿದರೆ ತಂಬಿಗೆಯ ತಳ ಮುಚ್ಚುತ್ತಿತ್ತು. ಈಗ ಕೆಲವು ವರ್ಷಗಳಿಂದ ಚಳಿ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಅವತ್ತು ತಾಯಿ ಮಗ ಅರಿವೆಯ ಎರಡು ತುದಿ ಹಿಡಿದು ಎಷ್ಟು ತಿರುವಿದರೂ ಕೈ ಒದ್ದೆಯಾಯಿತೇ ಹೊರತು ಬಾಟಲಿಗೆ ಏನೂ ಇಳಿಯಲಿಲ್ಲ. ಅತ್ತೆ ಅರಿವೆ ಜಾಡಿಸಿ ಮಡಚುತ್ತ ಹೇಳಿದರು:

"ಯಪ್ಪಾ, ಮುಂದಿನ ವರ್ಷ ಉದ್ದನ ದಾರೀಲೆ ಹೋಗು. ಹೊತ್ತು ಮುಳುಗೂ ಕಡಿಂದ ಹೋಗು. ತಡಾ ಆದರ ಆಗಲಿ, ನಾ ಕಾಯತೇನಿ."

ಇವರು ನನ್ನ ಮುಖ ನೋಡಿದರು. ಆ ದಾರಿಗೆ ಒಮ್ಮೆ ಹೋಗಿ ಬಂದವರನ್ನೇ ಕಂಪನಿ ಮತ್ತೆ ಕೇಳುತ್ತದೆ, ಬರುವ ಬೇಸಿಗೆಗೂ ಅದೇ ದಾರಿ ಎಂದು ಆಫೀಸಿನವರು ಆಗಲೇ ಹೇಳಿಯಾಗಿತ್ತು. ಅದು ನನಗೆ ಗೊತ್ತಿತ್ತು.

"ಆತಬೇ" ಎಂದರು ತಾಯಿಗೆ.

ಈ ವರ್ಷ ಬೇಸಿಗೆಯಲ್ಲಿ ಹೊರಡುವ ಮುಂಚೆ ಅವರೇ ಒಂದು ಉಪಾಯ ಹೂಡಿದರು. ಅತ್ತೆ ಗುಡಿಗೆ ಹೋದ ಹೊತ್ತು ನೋಡಿ, ಹಿತ್ತಲಿನ ಕೋಣೆಯ ಬಾಗಿಲು ಹಾಕಿಕೊಂಡು, ನನ್ನ ಫೋನಿನಲ್ಲಿ ನಾಲ್ಕು ಸೋಮವಾರಕ್ಕೆ ನಾಲ್ಕು ಸಲ ಮಾತಾಡಿ ಇಟ್ಟರು. "ದೀಪಾ ಹಚ್ಚಿದೆ, ಉಂಡೆ, ನೀ ಉಣ್ಣವ್ವಾ." ಒಂದೊಂದರಲ್ಲಿ ಒಂದೊಂದು ಮಾತು ಬೇರೆ. ಒಂದರಲ್ಲಿ ಇವತ್ತು ಥಂಡಿ ಬಹಳ ಎಂದರೆ, ಇನ್ನೊಂದರಲ್ಲಿ ಅಡುಗೆಯವನು ಬೇಳ್ಯಾಗ ಉಪ್ಪು ಹಾಕೂದು ಮರತಾನ ಎಂದಿದ್ದರು. ಸಂಜೆ ದೀಪದ ಹೊತ್ತಿಗೆ ಕೇಳಿಸು, ಅವಳ ಜೀವ ಉಳಿದರೆ ಸಾಕು ಎಂದರು. ನಾನು ಒಪ್ಪಿದೆ. ಕಾರಿನಲ್ಲಿ ನನ್ನ ತೊಡೆಯ ಮೇಲಿದ್ದ ಆ ತಲೆಯ ಭಾರ ನೆನಪಿದ್ದವಳು ಬೇರೆ ಏನು ಮಾಡಲಿ?

ಶ್ರಾವಣದ ಮೊದಲ ಸೋಮವಾರ ಬಂತು. ಅವರು ಆಗಲೇ ಆ ಸಮುದ್ರದೊಳಗೆ ಇದ್ದರು, ಸುದ್ದಿ ನಿಂತು ಮೂರು ದಿನವಾಗಿತ್ತು. ಉದ್ದನ ದಾರಿಯಲ್ಲಿ ಹೋಗುತ್ತಿದ್ದಾರೆ ಎಂದೇ ಅತ್ತೆಗೆ ಹೇಳಿದ್ದೆವು. ಅತ್ತೆ ಹಟ ಹಿಡಿದು ಉಪವಾಸ ಮಾಡಿದರು. ಗುಳಿಗೆ ಮಾತ್ರ ನಾನು ಬಚ್ಚಿಟ್ಟಿದ್ದೆ. ಸಂಜೆ ಪೂಜೆಯಾಯಿತು, ದೀಪ ಹಚ್ಚಿದರು, ನಾನು ತಾಟು ಇಟ್ಟು ಫೋನನ್ನು ಅವರ ಕಿವಿಗೆ ಹಿಡಿದೆ. ಮಗನ ದನಿ ಕೇಳಿ ಅವರ ಮುಖ ಅರಳಿತು. ಆಮೇಲೆ ಹುಬ್ಬು ಗಂಟಾಯಿತು.

"ಇನ್ನೊಮ್ಮಿ ಹಚ್ಚು."

ಹಚ್ಚಿದೆ. ಆಗ ನನಗೂ ಕೇಳಿಸಿತು. ಅವರ ದನಿಯ ಹಿಂದೆ, ದೂರದಲ್ಲಿ, ಟಕ್ ಟಕ್ ಟಕ್ ಎಂದು ಒಂದೇ ಸಮನೆ ಒಂದು ಸಪ್ಪಳ. ನಮ್ಮ ಹಿತ್ತಲಿನ ಗೋಡೆಗೆ ಹತ್ತಿರುವ ಹಿಟ್ಟಿನ ಗಿರಣಿಯದು. ದಿನಾ ಕೇಳಿ ಕೇಳಿ, ಮಾತು ತುಂಬಿಸುವಾಗ ಇವರ ಕಿವಿಗೂ ನನ್ನ ಕಿವಿಗೂ ಅದು ಬಿದ್ದೇ ಇರಲಿಲ್ಲ.

ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ, ಬೈದಿದ್ದರೆ, ತಾಟು ಎತ್ತಿ ಒಗೆದಿದ್ದರೆ ನನಗೆ ಹಗುರಾಗುತ್ತಿತ್ತು. ದೀಪದ ಕಡೆ ನೋಡುತ್ತ ಕೂತರು. ಆಮೇಲೆ ತಾಟು ಎಳೆದುಕೊಂಡು ಉಂಡರು. ಎಲ್ಲ ಮುಗಿಸಿ ಕೈತೊಳೆದು, "ಹೋದ ವರ್ಷಾನೂ ಹೊತ್ತು ಮುಳುಗಿದ್ದಿಲ್ಲ, ಹೌದಿಲ್ಲೋ?" ಎಂದರು. ನಾನು ತಾಟು ಎತ್ತಿಕೊಂಡು ಬಚ್ಚಲಿಗೆ ಹೋದೆ.

ಎರಡನೆಯ ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಸೀರೆ ಉಡುತ್ತಿದ್ದಾಗ ಅಡುಗೆಮನೆಯಿಂದ ಕೂಗಿದರು. "ಉಪ್ಪಿಟ್ಟು ಆಗಿದ್ದರ ಹಾಕು ಬಾರವಾ, ಗುಳಿಗಿ ತಗೋಬೇಕು." ಹಾಕಿಕೊಟ್ಟೆ. ಉಂಡರು. ಮೊದಲ ಸಲ ಶ್ರಾವಣದ ಸೋಮವಾರ ಅವರು ಹಗಲು ಉಂಡದ್ದನ್ನು ನೋಡಿದೆ. ನನಗೆ ಬೇಕಾದದ್ದು ಅದೇ ಆಗಿತ್ತು. ಇಷ್ಟು ವರ್ಷ ಜಗಳ ಮಾಡಿದ್ದು ಅದಕ್ಕೇ. ಉಳಿದ ಮೂರು ದನಿಗಳನ್ನು ಅವರು ಕೇಳಲೇ ಇಲ್ಲ, ಫೋನಿನಲ್ಲಿ ಹಾಗೇ ಇವೆ.

ಅವತ್ತು ಸಂಜೆ ದೀಪವನ್ನು ನಾನೇ ಹಚ್ಚಿದೆ. ಅತ್ತೆ ತಮ್ಮ ತಾಟು ಹಾಕಿಕೊಂಡು ಕೂತು, "ಬಾರವಾ, ಉಣ್ಣೂಣು" ಎಂದು ಕರೆದರು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಶಾಲೆಯಲ್ಲಿ ಡಬ್ಬಿ ತೆರೆದಿದ್ದೆ, ಹಾಗೇ ಮುಚ್ಚಿಟ್ಟು ತಂದಿದ್ದೆ. ಹೊರಗೆ ಕತ್ತಲಾಗಿತ್ತು. ಅಲ್ಲಿ ಅವರ ನೆತ್ತಿಯ ಮೇಲೆ ಇನ್ನೂ ಬಿಸಿಲಿತ್ತು.

ಹಸಿವಿಲ್ಲರಿ ಎಂದೆ. ಅದೂ ಸುಳ್ಳೇ ಆಗಿತ್ತು.